ಎಲ್ಲಾದಕ್ಕೂ ತೊಂಬತ್ತು ನಂಬರು

ನಮ್ಮ ಕಡೆಯ ಯಾವ ಹೆಣ್ಣುಮಗಳ ಮನೆಗಾದರೂ ಹೋಗಿ ನೋಡಿ, ನಾಲ್ಕೈದು ಬಗೆಯ ಎಣ್ಣೆ ಇದ್ದೇ ಇರುತ್ತದೆ. ಒಗ್ಗರಣೆಗೆ ಕುಸುಬಿ ಎಣ್ಣೆ, ಕರಿಯಲಿಕ್ಕೆ ಶೇಂಗಾ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ, ಕೂಸಿನ ನೆತ್ತಿಗೆ ಔಡಲ ಎಣ್ಣೆ, ಹೊಲಿಗೆ ಯಂತ್ರಕ್ಕೆ ಉದ್ದ ಮೂತಿಯ ಪುಟ್ಟ ಡಬ್ಬಿಯ ಎಣ್ಣೆ. ಇವನ್ನು ಅದಲುಬದಲು ಮಾಡೆಂದರೆ ಅವಳು ನಿಮ್ಮ ಮುಖ ನೋಡಿ ನಗುತ್ತಾಳೆ. ಹೊಲಿಗೆ ಯಂತ್ರಕ್ಕೆ ಕೊಬ್ಬರಿ ಎಣ್ಣೆ ಬಿಟ್ಟರೆ ಚಳಿಗಾಲದ ಬೆಳಿಗ್ಗೆ ಸೂಜಿ ಮೇಲೇಳುವುದಿಲ್ಲ ಎಂದು ಅವಳಿಗೆ ಯಾರೂ ಪಾಠ ಮಾಡಿಲ್ಲ. ಅವಳಿಗೆ ಗೊತ್ತು, ಅಷ್ಟೆ.

ಅದೇ ಹೆಣ್ಣುಮಗಳು ಮನೆಯ ಮುಂದೆ ನಿಂತ ಹಳೆಯ ಗಾಡಿಯನ್ನು ಗ್ಯಾರೇಜಿಗೆ ಒಯ್ದು, ಗೇರ್ ಬಾಕ್ಸಿಗೆ ಯಾವ ಎಣ್ಣೆ ಹಾಕುತ್ತೀರಿ, ಹಿಂದಿನ ಹೌಸಿಂಗಿಗೆ ಯಾವುದು ಹಾಕುತ್ತೀರಿ ಎಂದು ಕೇಳಿದರೆ ಬರುವ ಉತ್ತರ ಇದು: “ಅಕ್ಕೋರ, ನಿಮಗ್ಯಾಕ ಬೇಕ್ರಿ ಇವೆಲ್ಲಾ? ಎಲ್ಲಾದಕ್ಕೂ ತೊಂಬತ್ತ ನಂಬರ ಹಾಕ್ತೀವ್ರಿ. ಸರ್‌ನ ಕಳಸ್ರಿ.”

ಈ ಮೂರು ಮಾತಿನ ಮೇಲೆಯೇ ನನ್ನ ಜಗಳ. ಮೂರಕ್ಕೆ ಮೂರೂ ತಪ್ಪು.

ಮೊದಲು ನಮ್ಮ ಗಾಡಿಗಳ ವಿಷಯ. ಸುಮೋ ಬಂದದ್ದು 1994ರಲ್ಲಿ. ಬೊಲೆರೊ ಮತ್ತು ಕ್ವಾಲಿಸ್ 2000ದಲ್ಲಿ, ಸ್ಕಾರ್ಪಿಯೊ 2002ರಲ್ಲಿ. ಕ್ವಾಲಿಸ್ ತಯಾರಿಕೆ 2005ಕ್ಕೇ ನಿಂತಿತು, ಸುಮೋ 2019ಕ್ಕೆ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ರಸ್ತೆಗಳಲ್ಲಿ ಅವು ನಿಂತಿಲ್ಲ. ಕೆಎ 48 ಎಂದು ಬರೆದುಕೊಂಡು, ಮುಂದೆ ಒಂದು ನಿಂಬೆಹಣ್ಣು ಕಟ್ಟಿಕೊಂಡು ಓಡುತ್ತಲೇ ಇವೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು ಕೇಂದ್ರ ಸರಕಾರ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಿದಾಗಲೂ ನಮ್ಮ ಜನ ಗೊಣಗುತ್ತ ಕಟ್ಟಿದರು. ಹೊಸದಕ್ಕೆ ಹತ್ತು ಹನ್ನೆರಡು ಲಕ್ಷ ಎಲ್ಲಿಂದ ತರುವುದು? ಮದುವೆಗೆ, ಹೆರಿಗೆಗೆ, ಯಲ್ಲಮ್ಮನ ಗುಡ್ಡಕ್ಕೆ, ಆಸ್ಪತ್ರೆಗೆ ಇದೇ ಗಾಡಿ ಬೇಕು. ಇದರ ಮೇಲೆಯೇ ಸಂಸಾರ ನಡೆಸುವ ಹೆಂಗಸರೂ ಇದ್ದಾರೆ. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಈ ಗಾಡಿಗಳ ಕೆಳಗೆ ಬಗ್ಗಿ ನೋಡಿದ್ದೀರಾ? ಎಂಜಿನ್ನಿನ ಬೆನ್ನಿಗೆ ಗೇರ್ ಬಾಕ್ಸು. ಅಲ್ಲಿಂದ ಒಂದು ಉದ್ದನೆಯ ಶಾಫ್ಟು ಹಿಂದಕ್ಕೆ ಹೋಗಿ, ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿದ ಲೋಹದ ಗೂಡಿಗೆ ಸೇರುತ್ತದೆ. ಅದೇ ಡಿಫರೆನ್ಶಿಯಲ್ಲು. ಮಿಸ್ತ್ರಿಗಳ ಬಾಯಲ್ಲಿ ಹೌಸಿಂಗ್, ಇಲ್ಲವೆ ಬರೀ ‘ಕ್ರೌನ್’. ಅದರ ಕೆಲಸವನ್ನು ನಾನು ಮಕ್ಕಳಿಗೆ ಪ್ರಭಾತಫೇರಿಯ ಉದಾಹರಣೆ ಕೊಟ್ಟು ಹೇಳುತ್ತೇನೆ. ನಾಲ್ಕು ನಾಲ್ಕು ಮಕ್ಕಳ ಸಾಲು ತಿರುವಿನಲ್ಲಿ ಹೊರಳುವಾಗ ಒಳಗಿನ ಮಗು ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರಗಿನ ಮಗು ಓಡಬೇಕಾಗುತ್ತದೆ. ಗಾಲಿಗಳಿಗೂ ಹಾಗೆಯೇ. ಎರಡಕ್ಕೂ ಬೇರೆ ಬೇರೆ ವೇಗ ಹಂಚಿಕೊಡುವುದು ಡಿಫರೆನ್ಶಿಯಲ್ಲಿನ ಕೆಲಸ.

ಆ ಗೂಡಿನೊಳಗೆ ಒಂದು ದೊಡ್ಡ ಹಲ್ಲಿನ ಚಕ್ರ, ಅದನ್ನು ತಿರುಗಿಸುವ ಒಂದು ಸಣ್ಣ ಪಿನಿಯನ್ನು ಇರುತ್ತವೆ. ಸಣ್ಣದು ದೊಡ್ಡದರ ನಡುಮಧ್ಯಕ್ಕೆ ಎದುರಾಗಿ ಕೂಡುವುದಿಲ್ಲ, ಅದಕ್ಕಿಂತ ತುಸು ಕೆಳಗೆ ಕೂಡುತ್ತದೆ. ಇದಕ್ಕೆ ಹೈಪಾಯ್ಡ್ ಎನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ ಬಳಕೆಗೆ ಬಂದ ವಿದ್ಯೆ ಅದು. ಶಾಫ್ಟು ಕೆಳಗಿಳಿಯಿತು, ಕಾರಿನ ನೆಲವೂ ಕೆಳಗಿಳಿಯಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಒಂದನ್ನೊಂದು ಉಜ್ಜತೊಡಗಿದವು, ಒರಳಲ್ಲಿ ಗುಂಡು ಉಜ್ಜಿದ ಹಾಗೆ. ಆ ಒತ್ತಡಕ್ಕೆ ಸಾದಾ ಎಣ್ಣೆ ಹಿಂಡಿಹೋಗಿ ಉಕ್ಕಿಗೆ ಉಕ್ಕು ತಾಗುತ್ತದೆ. ಅದಕ್ಕೇ ಈ ಎಣ್ಣೆಗೆ ಗಂಧಕ, ರಂಜಕದ ರಾಸಾಯನಿಕಗಳನ್ನು ಬೆರೆಸುತ್ತಾರೆ. ಕಾವೇರಿದ ಹಲ್ಲಿನ ಮೇಲೆ ಅವು ಒಂದು ತೆಳುಪೊರೆ ಕಟ್ಟುತ್ತವೆ. ಸವೆಯುವುದು ಪೊರೆ, ಉಳಿಯುವುದು ಹಲ್ಲು. ಗೇರ್ ಎಣ್ಣೆಯ ಡಬ್ಬಿ ಬಿಚ್ಚಿದೊಡನೆ ಮೂಗಿಗೆ ಹೊಡೆಯುವ ಆ ಕೊಳೆತ ವಾಸನೆ ಈ ಗಂಧಕದ್ದೇ.

ಇನ್ನು ಗೇರ್ ಬಾಕ್ಸು. ಅದರೊಳಗೆ ಉಕ್ಕಿನ ಹಲ್ಲುಗಳ ಜೊತೆಗೆ ಹಿತ್ತಾಳೆಯ ರಿಂಗುಗಳಿರುತ್ತವೆ, ಸಿಂಕ್ರೊ ರಿಂಗು ಎನ್ನುತ್ತಾರೆ. ಗೇರು ಬದಲಿಸುವಾಗ ಈ ರಿಂಗು ಪಕ್ಕದ ಗೇರಿನ ಕೊರಳನ್ನು ಕ್ಷಣಕಾಲ ಹಿಡಿದು ಎರಡರ ವೇಗವನ್ನೂ ಸಮ ಮಾಡುತ್ತದೆ. ಆಮೇಲೆ ಹಲ್ಲಿನೊಳಗೆ ಹಲ್ಲು ಸದ್ದಿಲ್ಲದೆ ಕೂಡುತ್ತದೆ. ಅಂದರೆ ಇಲ್ಲಿ ತುಸು ಹಿಡಿತ ಬೇಕು, ಹಿಂದಿನ ಹೌಸಿಂಗಿನಲ್ಲಿ ಜಾರಿಕೆ ಬೇಕು. ಬೇಡಿಕೆಯೇ ಬೇರೆ ಇರುವ ಎರಡು ಕಡೆಗೆ ಒಂದೇ ಡ್ರಮ್ಮಿನ ಎಣ್ಣೆ ಸುರಿಯುವುದು ಯಾವ ಜಾಣತನ?

‘ತೊಂಬತ್ತು ನಂಬರ’ ಎಂಬ ಉತ್ತರ ಅರ್ಧ ವಿಳಾಸ, ಊರು ಹೇಳಿ ಓಣಿ ಹೇಳದ ಹಾಗೆ. 90 ಎನ್ನುವುದು ಎಣ್ಣೆ ಎಷ್ಟು ಗಟ್ಟಿ, ಎಷ್ಟು ತೆಳು ಎಂಬ ಅಳತೆ ಮಾತ್ರ. ಅದೂ ಎಂಜಿನ್ ಎಣ್ಣೆಯ ಅಳತೆಯಲ್ಲ. ಎಂಜಿನ್ನಿನ 40, 50 ನಂಬರಿನ ಎಣ್ಣೆ ಮತ್ತು ಗೇರಿನ 90 ನಂಬರಿನ ಎಣ್ಣೆ, ಕಾದಾಗ ಹೆಚ್ಚುಕಡಿಮೆ ಒಂದೇ ಹದಕ್ಕೆ ಇರುತ್ತವೆ. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಕಿಲೋದಲ್ಲಿ ಅಳೆದರೆ ಅಂಕಿ ಬೇರೆಯಾಗುವುದಿಲ್ಲವೆ, ಹಾಗೆ. ಡಬ್ಬಿಯ ಮೇಲೆ 75ಡಬ್ಲ್ಯೂ-90, 80ಡಬ್ಲ್ಯೂ-90, 85ಡಬ್ಲ್ಯೂ-140 ಎಂದಿದ್ದರೆ ಮೊದಲಿನ ಅಂಕಿ ಚಳಿಯಲ್ಲಿ ಎಣ್ಣೆ ಹೇಗಿರುತ್ತದೆ ಎಂಬುದಕ್ಕೆ, ಎರಡನೆಯದು ಕಾದಾಗ ಹೇಗಿರುತ್ತದೆ ಎಂಬುದಕ್ಕೆ.

ಎಣ್ಣೆಯ ಗುಣ ತಿಳಿಯಬೇಕಾದರೆ ಇನ್ನೊಂದು ಗುರುತು ನೋಡಬೇಕು: ಜಿಎಲ್-4, ಜಿಎಲ್-5. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಮಾಡಿದ ವರ್ಗಗಳಿವು. ನಾಲ್ಕನೇ ಇಯತ್ತೆ ಪಾಸಾಗಿ ಐದಕ್ಕೆ ಹೋದಂತೆ ಅಲ್ಲ. ಜಿಎಲ್-5 ಹೈಪಾಯ್ಡ್ ಹೌಸಿಂಗಿನ ಕಠಿಣ ಕೆಲಸಕ್ಕೆ. ಅದರಲ್ಲಿ ಗಂಧಕ-ರಂಜಕದ ಪ್ರಮಾಣ ಜಿಎಲ್-4ರ ಸುಮಾರು ಎರಡು ಪಟ್ಟು. ಜಿಎಲ್-4 ಸಾಮಾನ್ಯವಾಗಿ ಸಿಂಕ್ರೊ ಇರುವ ಗೇರ್ ಬಾಕ್ಸಿಗೆ. ಒಂದೇ ಕಂಪನಿಯ ಎರಡು ಡಬ್ಬಿಗಳ ಮೇಲೂ 90 ಎಂದೇ ಇದ್ದು, ಒಂದು ಜಿಎಲ್-4 ಇನ್ನೊಂದು ಜಿಎಲ್-5 ಆಗಿರಬಹುದು. ತೊಂಬತ್ತೆಂದು ಹೇಳಿ ಕೈ ಒರೆಸಿಕೊಳ್ಳುವವರಿಗೆ ಎರಡೂ ಒಂದೇ.

ಹಿತ್ತಾಳೆಯ ಸ್ವಭಾವ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಏನಾಗುತ್ತದೆಂದು ನಮ್ಮ ಅಜ್ಜಿಯಂದಿರೇ ಕಂಡವರು. ಕಾವೇರಿದ ಗಂಧಕದ ಎಣ್ಣೆಯಲ್ಲಿ ವರ್ಷಗಟ್ಟಲೆ ಮುಳುಗಿದ ಹಿತ್ತಾಳೆಗೂ ಅಂಥದ್ದೇ ಕೇಡು ತಟ್ಟಬಹುದು. ಎಣ್ಣೆ ಅಂಗಡಿಯ ಒಬ್ಬರು ಇದಕ್ಕೆ ನನಗೆ ತಿರುಗಿ ಉತ್ತರ ಕೊಟ್ಟರು: “ಈಗಿನ ಎಣ್ಣಿ ಹಂಗಿಲ್ರಿ ಬಾಯಾರ, ಹಿತ್ತಾಳಿ ತಿನ್ನೂದಿಲ್ಲ.” ಒಪ್ಪಿದೆ. ಈಗಿನ ಜಿಎಲ್-5 ಎಣ್ಣೆಗಳನ್ನು ತಾಮ್ರದ ಪಟ್ಟಿಯ ಮೇಲೆ ಕಾಯಿಸಿ ಪರೀಕ್ಷಿಸಿಯೇ ಮಾರುತ್ತಾರೆ, ಹಿಂದಿನಷ್ಟು ಉಗ್ರವಾಗಿಲ್ಲ. ಆದರೆ ತಿನ್ನದಿದ್ದರೇನು, ಜಾರುತ್ತದಲ್ಲ? ಹಿಡಿಯಬೇಕಾದ ರಿಂಗು ಜಾರಿದರೆ ಗೇರು ಕರಕರ ಎನ್ನುತ್ತದೆ, ರಿಂಗೂ ಸವೆಯುತ್ತದೆ. ಗೇರ್ ಬಾಕ್ಸಿಗೆ ಜಿಎಲ್-5 ನಡೆಯುತ್ತದೆ ಎಂದು ಬರೆದ ಗಾಡಿ ಪುಸ್ತಕಗಳೂ ಇವೆ. ಎಂಜಿನ್ ಎಣ್ಣೆಯನ್ನೇ ಹಾಕಿ ಎನ್ನುವವು ಇವೆ, ಕೆಂಪು ಬಣ್ಣದ ಎಟಿಎಫ್ ಹಾಕಿ ಎನ್ನುವವೂ ಇವೆ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿಯಾದರೆ ಮುಂದೆ ಇನ್ನೊಂದು ಹೌಸಿಂಗು, ನಡುವೆ ಟ್ರಾನ್ಸ್‌ಫರ್ ಕೇಸು ಎಂದು ಇನ್ನೂ ಎರಡು ಹೊಟ್ಟೆಗಳು. ಪುಸ್ತಕ ಏನು ಹೇಳುತ್ತದೋ ಅದು. ನನ್ನ ತಕರಾರು ಜಿಎಲ್-5ರ ಮೇಲೆ ಅಲ್ಲ, ಪುಸ್ತಕ ತೆರೆಯದೆಯೇ ಉತ್ತರ ಹೇಳುವ ಬಾಯಿಯ ಮೇಲೆ.

(ಎಟಿಎಫ್ ಅಂದಾಗ ನೆನಪಾಯಿತು. 1970ರ ಸುಮಾರಿನವರೆಗೆ ಅಮೆರಿಕದಲ್ಲಿ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ತಿಮಿಂಗಿಲ ಅಳಿವಿನ ಪಟ್ಟಿಗೆ ಸೇರಿ ಅದು ನಿಂತಾಗ, ಹೊಸ ಎಣ್ಣೆಯ ಹದ ಸಿಗುವವರೆಗೆ ಗೇರ್ ಬಾಕ್ಸುಗಳು ಕೆಟ್ಟು ಗಲಾಟೆಯಾಯಿತು. ಅಷ್ಟು ದೊಡ್ಡ ಕಂಪನಿಗಳಿಗೇ ಎಣ್ಣೆ ಬದಲಾದದ್ದು ತಡೆಯಲಿಲ್ಲ. ನಮ್ಮ ಮಿಸ್ತ್ರಿಗಳಿಗೆ ಎಲ್ಲಾ ನಡೆಯುತ್ತದೆ.)

ಇನ್ನೊಂದು ಉಪದೇಶವಿದೆ: “ಹಳೇ ಗಾಡಿ ಐತಿ, ದಪ್ಪ ಎಣ್ಣಿ ಹಾಕ್ಸ್ರಿ, ಸಪ್ಪಳ ಕಮ್ಮಿ ಆಗತೈತಿ.” ಸಪ್ಪಳ ಕಮ್ಮಿಯಾಗುವುದು ನಿಜ, ಸವಕಳಿ ಕಮ್ಮಿಯಾಗುವುದಿಲ್ಲ. ನೋಯುವ ಹಲ್ಲಿಗೆ ಲವಂಗ ಇಟ್ಟ ಹಾಗೆ. ಪುಸ್ತಕವೇ ಹೌಸಿಂಗಿಗೆ 140 ಎಂದಿದ್ದರೆ, ಅಥವಾ ನಮ್ಮಂಥ ನಲವತ್ತು ಡಿಗ್ರಿ ದಾಟುವ ಬೇಸಿಗೆಯ ಸೀಮೆಗೆ ನಡೆಯುತ್ತದೆ ಎಂದು ಪಟ್ಟಿಯಲ್ಲಿ ತೋರಿಸಿದ್ದರೆ ಧಾರಾಳವಾಗಿ ಹಾಕಿಸಿ. 90 ಎಂದಿದ್ದಲ್ಲಿ ಸದ್ದು ಮುಚ್ಚಲು 140 ತುಂಬುವುದು ಮಾರುವವನ ಚಾಳಿ, ಇಟ್ಟುಕೊಳ್ಳುವವರದಲ್ಲ. ರೋಆಲ್ಡ್ ಡಾಲ್ ಎಂಬ ಇಂಗ್ಲಿಷ್ ಲೇಖಕ ಮಕ್ಕಳಿಗಾಗಿ ಬರೆದ ‘ಮಟಿಲ್ಡಾ’ (1988) ಕಾದಂಬರಿಯಲ್ಲಿ ಹಳೆ ಕಾರು ಮಾರುವ ಒಬ್ಬ ಅಪ್ಪನಿದ್ದಾನೆ. ಸವೆದ ಗೇರ್ ಬಾಕ್ಸಿಗೆ ಎಣ್ಣೆಯ ಜೊತೆ ಮರದ ಹೊಟ್ಟು ತುಂಬಿ ಗಿರಾಕಿಗೆ ದಾಟಿಸುತ್ತಾನೆ, ಅದನ್ನು ಮಕ್ಕಳೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ ಬೇರೆ. ಹೊಟ್ಟಿಗೂ ಅನವಶ್ಯಕ ದಪ್ಪ ಎಣ್ಣೆಗೂ ಅಷ್ಟೊಂದು ದೂರವಿಲ್ಲ.

ಈಗ ನನ್ನ ತಂಗಿಯ ಮಾತು. ಬನಹಟ್ಟಿಯಲ್ಲಿದ್ದಾಳೆ. ಗಂಡ ತೀರಿಕೊಂಡು ನಾಲ್ಕು ವರ್ಷ. ಅವನು ಬಿಟ್ಟುಹೋದದ್ದು ಎರಡು ಪವರ್‌ಲೂಮು, ಒಂದಿಷ್ಟು ಸಾಲ, ಹಳದಿ ಬೋರ್ಡಿನ ಒಂದು ಹಳೆಯ ಗಾಡಿ. ಗಾಡಿಯ ಹೆಸರು ಬೇಡ, ತಪ್ಪು ಗಾಡಿಯದಲ್ಲ. ಒಬ್ಬ ಹುಡುಗನನ್ನು ಡ್ರೈವರ್ ಇಟ್ಟುಕೊಂಡು ಬಾಡಿಗೆಗೆ ಬಿಡುತ್ತಾಳೆ. ಮಗ್ಗದ ದುಡ್ಡು ಮನೆಗೆ, ಗಾಡಿಯ ದುಡ್ಡು ಮಗಳ ಫೀಜಿಗೆ. ಅವಳ ಲೆಕ್ಕದ ವಹಿಯಲ್ಲಿ ಡೀಸೆಲ್ಲು, ಟಾಯರು, ವಿಮೆ, ಎಂಜಿನ್ ಎಣ್ಣೆ ಎಲ್ಲಕ್ಕೂ ದಿನಾಂಕವುಂಟು. ಒಂದು ಗ್ಯಾರೇಜಿನಲ್ಲಿ ಗೇರ್ ಬಾಕ್ಸು, ಹೌಸಿಂಗು ಎರಡರ ಎಣ್ಣೆಯನ್ನೂ ಬದಲಿಸಿದರು. ಯಾವ ಎಣ್ಣೆ ಎಂದು ಇವಳು ಕೇಳಿದ್ದಕ್ಕೆ ಮೇಲೆ ಹೇಳಿದ ಉತ್ತರವೇ ಬಂತು, ಕೊನೆಗೊಂದು ಬದಲಾವಣೆಯೊಂದಿಗೆ: “ಮನ್ಯಾಗ ಗಂಡಸರು ಯಾರರೆ ಇದ್ರ ಕಳಸ್ರಿ.” ಗಂಡ ಸತ್ತದ್ದು ಆ ಓಣಿಗೆಲ್ಲ ಗೊತ್ತಿತ್ತು.

ಆರು ತಿಂಗಳಲ್ಲಿ ಎರಡನೇ ಗೇರು ಕರ್ ಎನ್ನತೊಡಗಿತು. ಮದುವೆ ಸುಗ್ಗಿಯ ನಡುವೆ ಮೂರು ವಾರ ಗಾಡಿ ಕಲ್ಲಿನ ಮೇಲೆ ಕೂತಿತು. ರಿಪೇರಿಗೆ ಹತ್ತಾರು ಸಾವಿರ ಹೋಯಿತು, ಹಿಡಿದ ಬಾಡಿಗೆಗಳೂ ಕೈಬಿಟ್ಟವು. ನಾನು ರಜೆಯಲ್ಲಿ ಹೋದಾಗ ಗಾಡಿಯ ಮುಂದಿನ ಖಾನೆಯಿಂದ ಪುಸ್ತಕ ತೆಗೆಸಿದೆ. ಪ್ಲಾಸ್ಟಿಕ್ ಹೊದಿಕೆ ಹರಿದೇ ಇರಲಿಲ್ಲ. ಗೇರ್ ಬಾಕ್ಸಿಗೆ ಜಿಎಲ್-4, ಹೌಸಿಂಗಿಗೆ ಜಿಎಲ್-5 ಎಂದು ಎರಡು ಸಾಲಿನಲ್ಲಿ ಸ್ಪಷ್ಟವಾಗಿತ್ತು. ಆ ಗ್ಯಾರೇಜಿನ ಡ್ರಮ್ಮಿನ ಮೇಲೆ ಇದ್ದದ್ದು ಜಿಎಲ್-5, ಎರಡಕ್ಕೂ ಅದೇ ಹೋಗಿತ್ತು. ಕೆಟ್ಟದ್ದಕ್ಕೆ ಎಣ್ಣೆಯೊಂದೇ ಕಾರಣ ಎಂದು ನಾನು ಗಂಟೆ ಬಾರಿಸುವುದಿಲ್ಲ. ರಿಂಗು ಹಳೆಯದು, ಹುಡುಗನ ಕ್ಲಚ್ಚು ಅರ್ಧ ಒತ್ತಿನದು. ಆದರೆ ಓದಿ ಹಾಕಿದ್ದರೆ ಆ ಒಂದು ಕಾರಣವಾದರೂ ತಪ್ಪುತ್ತಿತ್ತು. ಓದಲು ಬರುವ ಹೆಂಗಸು ಎದುರಿಗೇ ನಿಂತಿದ್ದಳು. ಅವಳನ್ನು ದಾಟಿ ಗಂಡಸರಿಗಾಗಿ ಬಾಗಿಲು ನೋಡಿದರು.

ಇನ್ನು ಆ ‘ಸರ್’ಗಳ ಜ್ಞಾನವನ್ನೂ ನೋಡಿಬಿಡೋಣ. ನಮ್ಮ ಮನೆಯವರನ್ನು ಒಮ್ಮೆ ಇದೇ ಕೆಲಸಕ್ಕೆ ಕಳಿಸಿದ್ದೆ. ಎರಡು ಚಹಾ ಕುಡಿದು, ಕಬ್ಬಿನ ರೇಟು ಮಾತಾಡಿ ಬಂದರು. ಏನು ಹಾಕಿದರು ಎಂದರೆ, “ಹಾಕ್ಯಾರ ಬಿಡು, ಏನೋ ಒಂದು.” ಏನೋ ಒಂದು! ಮಗ್ಗಕ್ಕೋ, ದೇವರ ದೀಪಕ್ಕೋ ಏನೋ ಒಂದು ಎಣ್ಣೆ ಹಾಕಿದೆ ಎಂದು ನಾವು ಹೇಳಿದ್ದರೆ? ಹಿಂದೆ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವಾಗ ಇದೇ ಗಂಡಸರ ಅಪ್ಪಂದಿರು ಅದರ ಹದ ಬೆರಳಿನಲ್ಲಿ ಮುಟ್ಟಿ ನೋಡುತ್ತಿದ್ದರು. ಆ ಬೆರಳು ಯಾವಾಗ ಜೇಬಿಗೆ ಹೋಯಿತೋ.

‘ಗೇರ್ ಎಣ್ಣಿ ಬದಲಿ ಮಾಡೂದ ಬ್ಯಾಡ, ಜೀವಮಾನಕ್ಕ ಸಾಕು’ ಎನ್ನುವವರೂ ಇದ್ದಾರೆ. ಯಾರ ಜೀವಮಾನ? 40 ಸಾವಿರ ಕಿಲೋಮೀಟರಿಗೆ ಬದಲಿಸಿ ಎನ್ನುವ ಪುಸ್ತಕಗಳಿವೆ, 80 ಸಾವಿರ ಎನ್ನುವವೂ ಇವೆ. ಭಾರ, ಧೂಳು, ಗುಂಡಿ ಹೆಚ್ಚಿದ್ದಲ್ಲಿ ಇನ್ನೂ ಬೇಗ ಎಂದು ಬಹಳ ಪುಸ್ತಕಗಳು ಬೇರೆ ಪಟ್ಟಿಯನ್ನೇ ಕೊಡುತ್ತವೆ. ನಮ್ಮದು ಆ ಬೇರೆ ಪಟ್ಟಿಯ ಸೀಮೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿಯಿಂದ ಮುಧೋಳಕ್ಕೆ ಹೋಗಿ ನೋಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿನ ಹಿಂದೆ ಒಂದು, ಎರಡು, ಮೂರು, ಮತ್ತೆ ಎರಡು, ಮತ್ತೆ ಒಂದು. ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಇಡೀ ದಿನ ಓಡಿದರೂ ಅಷ್ಟು ಸಲ ಗೇರು ಬದಲಿಸಬೇಕಾಗಲಿಕ್ಕಿಲ್ಲ. ಆ ಒಂದೊಂದು ಸಲವೂ ಹಿತ್ತಾಳೆಯ ರಿಂಗು ದುಡಿಯುತ್ತದೆ. ಒಂಬತ್ತು ಜನರ ಗಾಡಿಯಲ್ಲಿ ಹದಿಮೂರು ಜನ, ಮೇಲೆ ಅಡುಗೆ ಪಾತ್ರೆ, ಕೆಳಗೆ ಎರಿ ಮಣ್ಣಿನ ರಾಡಿ. ಆ ಭಾರವೆಲ್ಲ ಹೌಸಿಂಗಿನ ಹಲ್ಲಿನ ಮೇಲೆ.

ನೀರಿನ ಮಾತು ಬೇರೆಯೇ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಒಮ್ಮೆಲೇ ಉಕ್ಕಿದ್ದು ನಮ್ಮ ನಾಲ್ಕೂ ಊರಿನವರಿಗೆ ನೆನಪಿದೆ. ಘಟಪ್ರಭೆ ತುಂಬಿ ಬಂದಾಗ ಮುಧೋಳದ ಯಾದವಾಡ ಸೇತುವೆ ಮುಳುಗುವುದನ್ನು ಎಷ್ಟು ಸಲ ನೋಡಿಲ್ಲ? ಓಡಿ ಓಡಿ ಕಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲೆ ಉಸಿರಾಟಕ್ಕೆಂದು ಇಟ್ಟ ಸಣ್ಣ ಬ್ರೀದರಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಎಣ್ಣೆ ಬಿಚ್ಚಿದರೆ ಹಾಲು ಹಾಕಿದ ಚಹಾದ ಬಣ್ಣ. ಅಂಥ ಎಣ್ಣೆಯಲ್ಲಿ ಹಲ್ಲು, ಬೇರಿಂಗು ತುಕ್ಕು ಹಿಡಿಯುತ್ತವೆ. ಪುಸ್ತಕದ ಕಿಲೋಮೀಟರು ಆಗಲಿ ಎಂದು ಕಾಯಬಾರದು, ನೀರು ದಾಟಿದ ವಾರದೊಳಗೆ ಬಿಚ್ಚಿಸಿ ನೋಡಬೇಕು. ಬೀಳಗಿಯ ಹಿನ್ನೀರ ದಂಡೆಯ ಊರುಗಳಿಗೆ ಹೋಗಿಬರುವವರಿಗಂತೂ ಇದನ್ನು ಒತ್ತಿ ಹೇಳುತ್ತೇನೆ. ಬ್ರೀದರು ಮಣ್ಣು ಕಟ್ಟಿಕೊಂಡಿದ್ದರೆ ಕಾವಿಗೆ ಒಳಗಿನ ಒತ್ತಡ ಏರಿ ಸೀಲಿನಿಂದ ಎಣ್ಣೆ ಸೋರುತ್ತದೆ. ಸೀಲು ಬದಲಿಸಿ ದುಡ್ಡು ತೆಗೆದುಕೊಳ್ಳುತ್ತಾರೆ, ಬ್ರೀದರು ಒರೆಸುವುದಿಲ್ಲ.

ಗ್ಯಾರೇಜಿನಲ್ಲಿ ನಿಲ್ಲಲು ಮುಜುಗರವೇಕೆ? ಬಂಗಾರದ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನೋಡುತ್ತ ನಿಲ್ಲುವುದಿಲ್ಲವೆ? ಸಮ ನೆಲದ ಮೇಲೆ ನಿಲ್ಲಿಸಲಿ, ಒಂದಿಷ್ಟು ದೂರ ಓಡಿಸಿ ಬಂದ ಮೇಲೆ ಬಿಚ್ಚಲಿ. ಬೆಚ್ಚಗಿನ ಎಣ್ಣೆ ಪೂರ್ತಿ ಇಳಿಯುತ್ತದೆ. ಮೇಲಿನ ತುಂಬುವ ಬೋಲ್ಟನ್ನು ಮೊದಲು ಸಡಿಲಿಸಲಿಕ್ಕೆ ಹೇಳಿ, ಇಳಿಸುವ ಬೋಲ್ಟು ಆಮೇಲೆ. ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನ ಬೋಲ್ಟು ತುಕ್ಕು ಹಿಡಿದು ಕೂತಿದೆ ಎಂದರೆ ಗಾಡಿ ಅಲ್ಲೇ ಉಳಿಯುತ್ತದೆ. ಬೋಲ್ಟಿನ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣ್ಣನೆಯ ಬೂದು ಅಂಟಿದ್ದರೆ ಹೆದರಬೇಡಿ. ಚೂರು, ಚಕ್ಕೆ ಕಂಡರೆ ಹೆದರಿ. ಡ್ರಮ್ಮಿನ ಬಿಡಿ ಎಣ್ಣೆ ಬೇಡ, ಸೀಲಿನ ಡಬ್ಬಿ ನಿಮ್ಮೆದುರಿಗೇ ಬಿಚ್ಚಲಿ. ತುಂಬುವ ತೂತಿನ ಅಂಚಿಗೆ ಎಣ್ಣೆ ಬಂದರೆ ಸಾಮಾನ್ಯವಾಗಿ ಅಳತೆ ಸರಿ. ಕಂಪನಿ ಯಾವುದಾದರೂ ಆಗಲಿ, ಅಕ್ಷರ ಮತ್ತು ಅಂಕಿ ಪುಸ್ತಕದ್ದೇ ಇರಲಿ. ಒಂದು ಡಬ್ಬಿಗೆ ಕೆಲವು ನೂರು ರೂಪಾಯಿ ಹೆಚ್ಚಾಯಿತೆಂದು ಅಳುವವರು ಗೇರ್ ಬಾಕ್ಸ್ ಇಳಿಸಿದ ಬಿಲ್ಲನ್ನು ಒಮ್ಮೆ ನೋಡಲಿ.

ಒಂದು ತಕರಾರು ಕಂಪನಿಗಳ ಮೇಲೂ ಇದೆ. ನಾನು ಅಂಗಡಿಯಲ್ಲಿ ಕೈಗೆತ್ತಿ ನೋಡಿದ ಡಬ್ಬಿಗಳ ಮೇಲೆಲ್ಲ ಬರೀ ಇಂಗ್ಲಿಷು. ತಂಗಿಯ ಗಾಡಿಯ ಪುಸ್ತಕವೂ ಇಂಗ್ಲಿಷೇ. ಜಮಖಂಡಿಯ ದುಡ್ಡು ಬೇಕು, ಜಮಖಂಡಿಯ ಭಾಷೆ ಬೇಡವೆ? ‘ಇದು ಗೇರ್ ಬಾಕ್ಸಿಗೆ’, ‘ಇದು ಹಿಂದಿನ ಹೌಸಿಂಗಿಗೆ’ ಎಂದು ಎರಡು ಸಾಲು ಕನ್ನಡದಲ್ಲಿ ಅಚ್ಚು ಹಾಕಿದರೆ ಆ ಡ್ರೈವರ್ ಹುಡುಗನೂ ಓದುತ್ತಾನೆ, ಮಿಸ್ತ್ರಿಯೂ ಓದುತ್ತಾನೆ. ಮಿಸ್ತ್ರಿಗಳ ಕೈಗುಣದ ಬಗ್ಗೆ ನನಗೆ ಗೌರವವಿದೆ. ಪಂಪಿನ ಸದ್ದು ಕೇಳಿಯೇ ರೋಗ ಹೇಳುವವರನ್ನು ಕಂಡಿದ್ದೇನೆ. ಆದರೆ ಆ ಪುಸ್ತಕ ಅವರ ಕೈಗೆ ಬಂದಿಲ್ಲ, ಬಂದರೂ ಅದರ ಭಾಷೆ ಬಂದಿಲ್ಲ. ಕೇಳಿದವರ ಮೇಲೆ ಹಾರುವ ಬದಲು “ಪುಸ್ತಕ ಇದ್ರ ತರ್ರಿ ಅಕ್ಕೋರ, ಓದಿ ಹೇಳ್ರಿ” ಎಂದರೆ ಅವರ ಮಾನ ಹೋಗುವುದಿಲ್ಲ.

ತಂಗಿಯ ಗಾಡಿಗೆ ಹೊಸ ರಿಂಗು ಹಾಕಿಸಿ, ಮುಧೋಳದಿಂದ ತಂದ ಎರಡು ಬೇರೆ ಬೇರೆ ಎಣ್ಣೆ ಹಾಕಿಸಿದೆವು. ಮೇಲಿನ ಬೋಲ್ಟು ಬಿಗಿಯುವವರೆಗೆ ಅವಳು ಪಕ್ಕದಲ್ಲೇ ನಿಂತಿದ್ದಳು. ಡಬ್ಬಿಯ ಮೇಲಿನ ಅಕ್ಷರಗಳನ್ನು ವಹಿಯಲ್ಲಿ ಬರೆದುಕೊಂಡಿದ್ದಾಳೆ, ಕಿಲೋಮೀಟರಿನ ಅಂಕಿಯ ಜೊತೆಗೆ. ಓಣಿಯ ಇನ್ನಿಬ್ಬರು ಹೆಂಗಸರು ತಮ್ಮ ಗಾಡಿಯ ಪುಸ್ತಕ ತಂದು ಅವಳ ಮುಂದೆ ಇಟ್ಟಿದ್ದಾರಂತೆ. ಒಂದರಲ್ಲಿ ಹೌಸಿಂಗಿಗೆ 140 ಎಂದಿದೆಯಂತೆ, ಸರಿಯೇ ಎಂದು ಫೋನಿನಲ್ಲಿ ಕೇಳಿದಳು. ಜಿಎಲ್ ಎಷ್ಟು ಎಂದು ಕೆಳಗಿನ ಸಾಲು ಓದಲು ಹೇಳಿದ್ದೇನೆ.